ಎಡಗಾಲಿನ ಪ್ಯಾಡು

ಎದ್ದ ಮೇಲೂ ಮಾಮನ ಎಡಗಾಲು ಮಡಚಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ. ಕನಸಿನಲ್ಲಿ ಅವನು ಗೋಲಿನ ಮುಂದೆ ಮನೆಯ ಚಪ್ಪಲಿ ಹಾಕಿಕೊಂಡು ನಿಂತಿದ್ದ. ನೀರು ಹಾಯಿಸಿದ ಟರ್ಫಿನ ಮೇಲೆ ಚೆಂಡು ಬಹಳ ನಿಧಾನವಾಗಿ, ಹಿಂದೆ ಸಣ್ಣ ತುಂತುರಿನ ಗೆರೆಯೊಂದನ್ನು ಎಬ್ಬಿಸಿಕೊಂಡು ಬರುತ್ತಿತ್ತು. ಇಷ್ಟು ನಿಧಾನದ ಚೆಂಡನ್ನು ಬಗ್ಗಿ ಕೈಯಲ್ಲೇ ಎತ್ತಿಕೊಳ್ಳಬಹುದು ಅಂದುಕೊಂಡ, ಬಗ್ಗಲು ಹೋದರೆ ಮೊಣಕಾಲು ಒಪ್ಪಲಿಲ್ಲ. ಚೆಂಡು, ಸ್ವಲ್ಪ ದಾರಿ ಬಿಡಿ ಅನ್ನುವ ಹಾಗೆ, ಅವನ ಪಕ್ಕದಲ್ಲೇ ದಾಟಿಹೋಯಿತು. ಈಗ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಯಲ್ಲಿ ಕಾಲು ಹಿಡಿದು ಮಡಚುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ ಇದು, ಆಡೋರು ಅವರು, ಕಾಲು ನೋಯೋದು ನಿಮಗಾ?" ಅಂದಳು. ತಮಾಷೆಗೇ ಅಂದದ್ದು. ಮಾಮನಿಗೆ ಮಾತ್ರ ಇವಳಿಗೆ ಗೊತ್ತಾಗಿಬಿಟ್ಟಿದೆಯೇನೋ ಅನ್ನಿಸಿತು. ಗೊತ್ತಾಗಲು ಯಾರೂ ಹೇಳಿರಲಿಲ್ಲ. ಮೂರು ವಾರದಿಂದ ಅವನು ಆ ವಿಷಯವನ್ನು ಅವಳ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಮಾಮ ಎಂದು ಅವನನ್ನು ಕರೆಯುತ್ತಿದ್ದುದು ಹಾಕಿ ತಂಡದವರು. ಇಪ್ಪತ್ತೆರಡು ವರ್ಷದಿಂದ ಸ್ಟೇಡಿಯಮ್ಮಿನ ಗ್ಯಾಲರಿಯ ಕೆಳಗಿನ ಕಿಟ್ ರೂಮು ಅವನದು. ಕಿಟಕಿ ಎಂದರೆ ಸೂರಿನ ಹತ್ತಿರ ಒಂದು ಉದ್ದನೆಯ ಸೀಳು, ಅದರಲ್ಲಿ ಕಾಣುವುದು ಆಟಗಾರರ ಕಾಲು ಮಾತ್ರ. ಬರೀ ಕಾಲು ನೋಡಿಯೇ ಇಂಥವನು ಬಂದ ಎಂದು ಹೇಳಬಲ್ಲ. ಒಗೆಯುವ ಯಂತ್ರ, ಒಣಹಾಕುವ ತಂತಿಗಳು, ಹೊಲಿಗೆ ಮಿಷನ್ನು, ಸ್ಟಿಕ್ಕುಗಳನ್ನು ನಿಲ್ಲಿಸುವ ಮರದ ಚೌಕಟ್ಟು, ಎಷ್ಟು ತೊಳೆದರೂ ಹೋಗದ ಒದ್ದೆ ಗ್ಲೌಸಿನ ವಾಸನೆ. ಯಾರ ಬೂಟು ಯಾವ ಕಡೆ ಸವೆಯುತ್ತದೆ, ಯಾರು ಸ್ಟಿಕ್ಕಿನ ಹಿಡಿಯನ್ನು ಹೆದರಿ ಬಿಗಿಯಾಗಿ ಹಿಡಿಯುತ್ತಾರೆ, ಗೆಲ್ಲಿಸಿದೆ ಎಂದು ಎದೆ ತಟ್ಟಿಕೊಳ್ಳುವವನ ಜರ್ಸಿಗೆ ಬೆವರೇ ಹತ್ತಿರುವುದಿಲ್ಲ, ಇದೆಲ್ಲ ಅವನಿಗೆ ಗೊತ್ತು. ಗೊತ್ತಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಪ್ರತಿ ವರ್ಷ ತಂಡದ ಫೋಟೋ ತೆಗೆಯುವಾಗ ಎಲ್ಲರ ವಾಚು, ಫೋನು, ಉಂಗುರಗಳನ್ನು ಒಂದು ಟವಲಿನಲ್ಲಿ ಹಿಡಿದುಕೊಂಡು ಫೋಟೋದವನ ಹಿಂದೆ ನಿಲ್ಲುವುದು ಅವನ ಕೆಲಸ. ಫೋಟೋದಲ್ಲಿ ಎಲ್ಲರೂ ನೋಡುತ್ತಿರುವುದು ತನ್ನನ್ನೇ ಎಂದು ಹೆಂಡತಿಗೆ ಹೇಳಿ ನಗಿಸುತ್ತಿದ್ದ.

ಬಸ್ಸಿನಲ್ಲಿ ಪಕ್ಕದವನು ಪೇಪರು ಬಿಡಿಸಿಕೊಂಡು ಕೂತಿದ್ದ. ಹದಿನೆಂಟು ಪಂದ್ಯದಲ್ಲಿ ಮೂರೇ ಗೆಲುವು, ಕೊನೆಯ ಸ್ಥಾನ, ಈಗ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಅರ್ಧ ಪುಟ. ಕೋಚ್ ಉಳಿಯುತ್ತಾನಂತೆ. ಅನುಭವಿಗಳನ್ನೂ ಉಳಿಸಿಕೊಳ್ಳುತ್ತಾರಂತೆ. ಜರ್ಸಿಯ ಬಣ್ಣ ಹಸಿರಿನಿಂದ ನೀಲಿಗೆ ಬದಲಾಗುತ್ತದಂತೆ, ಇಷ್ಟು ದಿನ ಸೋತದ್ದು ಹಸಿರು ಬಣ್ಣವೇ ಅನ್ನುವ ಹಾಗೆ. ಗೋಲ್‌ಕೀಪರನ ಫೋಟೋ ಕೂಡ ಇತ್ತು, ಬಾಯಿ ತೆರೆದು ಯಾರನ್ನೋ ಕೂಗುತ್ತಿರುವುದು. ಗೋಲು ಬಿಡದವನೆಂದು ಎಲ್ಲರೂ ಅವನನ್ನು ಬೀಗ ಅನ್ನುತ್ತಿದ್ದರು. "ಇವನೊಬ್ಬ ಬೀಗ ಅಂತೆ ಬೀಗ," ಎಂದ ಪೇಪರಿನವನು, ಮಾಮನ ಕಡೆ ತಿರುಗಿ, "ಅರವತ್ತೊಂದು ಗೋಲು ಬಿಟ್ಕೊಂಡಿದಾನೆ. ಬಾಗಿಲು ಅಂತ ಹೆಸರಿಡಬೇಕಿತ್ತು." ಮಾಮ ಹಲ್ಲು ಬಿಟ್ಟ. ಯಾಕೆ ನಕ್ಕೆ ಎಂದು ಆಮೇಲೆ ಮೂರು ಸ್ಟಾಪು ತನ್ನನ್ನೇ ಬೈದುಕೊಂಡ. ಆ ಅರವತ್ತೊಂದರಲ್ಲಿ ನಲವತ್ತು ಗೋಲುಗಳಾದರೂ ರಕ್ಷಣೆಯವರು ಬಾಯಿ ಬಿಟ್ಟುಕೊಂಡು ನಿಂತಾಗ ಹೋದದ್ದು ಎಂದು ಹೇಳಬಹುದಿತ್ತು. ಹೇಳಲಿಕ್ಕೆ ತಾನು ಯಾರು? ಮೂರು ವಾರದ ಹಿಂದೆ ಹೇಳಿದ್ದು ಸಾಲದೇ?

ಕಿಟ್ ರೂಮಿನ ಬೀಗ ತೆಗೆಯುವಷ್ಟರಲ್ಲಿ ಆಫೀಸಿನ ಹುಡುಗಿ ಮೆಟ್ಟಿಲಿಳಿದು ಬಂದಳು. ಒಂದು ಕೈಯಲ್ಲಿ ಮಡಚಿದ ಚೀಟಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿದ್ದ ನೀಲಿ ಕೋಟು. "ಅಂಕಲ್, ಲಿಸ್ಟು. ನಾಲ್ಕು ಗಂಟೆಗೆ ಮೀಟಿಂಗಲ್ಲಿ ಅವರಿಗೆಲ್ಲ ಹೇಳ್ತಾರೆ, ಅಲ್ಲೀವರೆಗೂ..." ಎಂದು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಮುಖ ಅರಳಿಸಿ ಕೋಟು ಕೊಟ್ಟಳು. "ಇದು ನಿಮ್ದು. ಕೋಚ್ ಸರ್ ಸ್ಪೆಷಲ್ಲಾಗಿ ಹೇಳಿದ್ರು. ಮುಂದಿನ ಸೀಸನ್ನಿಂದ ನೀವೂ ಬೆಂಚಲ್ಲಿ ಕೂರ್ಬೇಕಂತೆ." ಅವಳು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಸಂತೋಷ ತೋರಿಸದೆ ಹೋದರೆ ಅವಳು ಹೋಗುವುದಿಲ್ಲ ಎಂದು ಗೊತ್ತಾಗಿ ಮಾಮ ಸಂತೋಷ ತೋರಿಸಿದ.

ಇದು ಈ ತಂಡದ ಹಳೆಯ ಪದ್ಧತಿ. ಸೀಸನ್ ಮುಗಿದ ಮೇಲೆ ಬಿಟ್ಟುಬಿಡುವವರ ನಂಬರುಗಳು ಅವರಿಗಿಂತ ಮೊದಲು ಕಿಟ್ ರೂಮಿಗೆ ಬರುತ್ತವೆ. ಆ ಜರ್ಸಿಗಳ ಬೆನ್ನಿನಿಂದ ನಂಬರು ಬಿಚ್ಚಿ, ಮಡಚಿ, ಸಂಜೆಯ ವ್ಯಾನಿಗೆ ಹಾಕಬೇಕು. ಅವು ಕಲಿಯುವ ಮಕ್ಕಳ ಅಭ್ಯಾಸಕ್ಕೆ ಹೋಗುತ್ತವೆ. ಯಾರ ಹಣೆಯಲ್ಲಿ ಏನು ಬರೆದಿದೆ ಎಂದು ಅವರಿಗಿಂತ ಮೊದಲು ನನ್ನ ಬ್ಲೇಡಿಗೆ ಗೊತ್ತು ಎಂದು ಒಂದು ಕಾಲದಲ್ಲಿ ಮಾಮ ಜಂಬ ಕೊಚ್ಚಿದ್ದೂ ಉಂಟು. ಚೀಟಿ ಬಿಡಿಸಿದ. ಏಳು ನಂಬರುಗಳಿದ್ದವು. ಉಳಿದ ಆರನ್ನು ಅವನು ಓದಲಿಲ್ಲ. ಮೇಲ್ಗಡೆ, ನಂಬರು ಒಂದು. ಹನ್ನೊಂದು ವರ್ಷದಿಂದ ಬೀಗನ ಬೆನ್ನ ಮೇಲಿದ್ದ ಒಂದು.

ಮಧ್ಯಾಹ್ನದವರೆಗೂ ಬಟ್ಟೆ ಒಗೆಯುತ್ತಾ ಕಾಲ ತಳ್ಳಿ, ಆಮೇಲೆ ಅದನ್ನೇ ಮೊದಲು ಬಿಚ್ಚಿದ. ಮುಗಿಸಿಬಿಟ್ಟರೆ ಮುಗಿಯುತ್ತದೆ ಅಂದುಕೊಂಡಿದ್ದ. ಬ್ಲೇಡನ್ನು ಬೆರಳ ಸಂದಿಯಲ್ಲಿ ಹಿಡಿದು ಒಂದೊಂದೇ ಹೊಲಿಗೆ ಎತ್ತುತ್ತಾ ಹೋದ. ಅವನದೇ ಹೊಲಿಗೆ, ಗಟ್ಟಿಯಾಗಿರಲಿ ಎಂದು ಎರಡೆರಡು ಸಲ ಹಾಕಿದ್ದು. ಬೇರೆ ನಂಬರುಗಳಿಗೆ ಮೂಲೆ ಇರುತ್ತದೆ, ತಿರುವು ಇರುತ್ತದೆ, ಕೈ ಅಲ್ಲಲ್ಲಿ ನಿಲ್ಲುತ್ತದೆ. ಇದು ಮೇಲಿಂದ ಕೆಳಗೆ ನೇರ. ಮೇಲಿನ ಸೀಳಿನಿಂದ ಬೆಳಕು ಬೀಳುತ್ತಿತ್ತು, ಹೊರಗೆ ಯಾರೋ ಖಾಲಿ ಟರ್ಫಿಗೆ ನೀರು ಹಾಯಿಸುತ್ತಿದ್ದರು, ತುಂತುರಿನ ನೆರಳು ಗೋಡೆಯ ಮೇಲೆ ಓಡಾಡುತ್ತಿತ್ತು. ಆಟವೇ ಇಲ್ಲದ ದಿನ ನೀರು ಯಾಕೆ? ನೀರಿನ ಸದ್ದಿನೊಳಗೆ ಬಹಳ ಜನ ಬಹಳ ದೂರದಲ್ಲಿ ಒಟ್ಟಿಗೆ ಏನೋ ಕೂಗುತ್ತಿರುವ ಹಾಗೆ ಕೇಳಿಸಿತು. ನಂಬರು ಕೈಗೆ ಬಂದಿತ್ತು. ಒಂದು ಗೇಣಿನ ಬಿಳಿ ಪಟ್ಟಿ, ಅಷ್ಟೇ. ಜರ್ಸಿಯನ್ನು ಮಡಚಿ ಮೇಜಿನ ಕೆಳಗಿನ ಡಬ್ಬಕ್ಕೆ ಹಾಕಿದ. ಪಟ್ಟಿಯನ್ನು ಎಲ್ಲಿಡುವುದು ತಿಳಿಯದೆ ಮೇಜಿನ ಮೇಲಿನ ದಾರದ ಉಂಡೆಗಳ ನಡುವೆ ಬಿಟ್ಟ.

ಅವತ್ತು ಕೋಚ್ ಕೂತಿದ್ದದ್ದು ಇದೇ ಸ್ಟೂಲಿನ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ಐದು ಜನ ಕೋಚುಗಳನ್ನು ಕಂಡಿದ್ದಾನೆ ಮಾಮ, ಒಬ್ಬರೂ ಇಲ್ಲಿ ಕೂತವರಲ್ಲ. ಈತ ಎರಡು ಲೋಟ ಟೀ ತಾನೇ ಹಿಡಿದುಕೊಂಡು ಬಂದ. ಸೋತು ಸುಣ್ಣವಾದ ಮುಖ. ತಂತಿಗೆ ನೇತುಹಾಕಿದ್ದ ಬೀಗನ ಪ್ಯಾಡನ್ನು ಸುಮ್ಮನೆ ಮುಟ್ಟಿ, "ಇಷ್ಟು ವರ್ಷದಿಂದ ನೋಡ್ತಿದ್ದೀರಿ. ನಿಮಗೇನನ್ಸುತ್ತೆ, ಹೇಳಿ," ಅಂದ. ಹೇಳಿ, ಅಂದ. ನಿಮಗೇನನ್ಸುತ್ತೆ, ಅಂದ. ಮಾಮನಿಗೆ ಟೀ ಬಿಸಿಯೋ ಎದೆ ಬಿಸಿಯೋ ತಿಳಿಯಲಿಲ್ಲ. ಮೊದಲು ಬೂಟುಗಳ ವಿಷಯ ಹೇಳಿದ, ಸ್ಟಿಕ್ಕಿನ ಹಿಡಿಗಳ ವಿಷಯ ಹೇಳಿದ. ಕೋಚ್ ತಲೆಯಾಡಿಸುತ್ತಾ ಪುಸ್ತಕದಲ್ಲಿ ಬರೆದುಕೊಂಡ. ಬರೆದುಕೊಂಡ! ಇನ್ನೂ ಏನಾದರೂ ಹೇಳಬೇಕು, ಇದಕ್ಕಿಂತ ದೊಡ್ಡದು ಹೇಳಬೇಕು ಅನ್ನಿಸಿತು. ಎಡಗಾಲಿನ ಪ್ಯಾಡನ್ನು ತಂತಿಯಿಂದ ಇಳಿಸಿ ಮಗುಚಿ ತೋರಿಸಿದ. ಒಳಗಡೆ, ಮೊಣಕಾಲು ಕೂರುವ ಜಾಗದಲ್ಲಿ, ಕಪ್ಪು ಬಟ್ಟೆಯ ಸಣ್ಣ ಚೀಲ. ಚೀಲದೊಳಗೆ ಎರಡು ಪದರ ಸ್ಪಂಜು. "ನೆಲಕ್ಕೆ ಬಿದ್ದಾಗ ಕಾಲು ತಡೆಯಲ್ಲ ಅಂತ ನನ್ನ ಕೈಲಿ ಹಾಕಿಸ್ಕೊಂಡ. ಹೊರಗಿನಿಂದ ಗೊತ್ತೇ ಆಗಲ್ಲ ನೋಡಿ, ಹೊಲಿಗೆ ಹಾಗಿದೆ." ಹೌದು, ಹೊಲಿಗೆಯನ್ನೂ ಹೊಗಳಿಕೊಂಡಿದ್ದ. ಕೋಚ್ ಹೆಬ್ಬೆರಳಿನಿಂದ ಸ್ಪಂಜನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಏನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಲಿಲ್ಲವಲ್ಲ ಎಂದು ಮಾಮನಿಗೆ ಆ ಕ್ಷಣ ನಿರಾಸೆಯೂ ಆಯಿತು. ಬೀಗ ಆ ಸ್ಪಂಜನ್ನು ಹಾಕಿಸಿಕೊಂಡ ದಿನ ಬಾಗಿಲು ಮುಂದೆ ಮಾಡಿ ಬಂದಿದ್ದ, "ನಿನ್ನ ಹೊಟ್ಟೇಲಿರ್ಲಿ ಮಾಮ" ಅಂದಿದ್ದ ಅನ್ನುವುದು ನೆನಪಾದದ್ದು ಕೋಚ್ ಮೆಟ್ಟಿಲು ಹತ್ತಿದ ಮೇಲೆ. ನಿಜವಾಗಿ ಆಮೇಲೆಯೇ ನೆನಪಾದದ್ದೋ? ಹೇಳುವಾಗಲೂ ಎಲ್ಲೋ ಒಂದು ಮೂಲೆಯಲ್ಲಿ ಗೊತ್ತಿತ್ತಲ್ಲವೇ? ಗೊತ್ತಿತ್ತು.

ಸೀಳಿನಲ್ಲಿ ಕಾಲುಗಳು ಬಂದವು. ಎಡಗಾಲು ಹೊರಗಿನಿಂದ ಒಂದು ಸುತ್ತು ಹಾಕಿ ಊರುವ ನಡಿಗೆ. ಮಾಮ ಕೋಟನ್ನು ಕವರಿನ ಸಮೇತ ಒಗೆಯುವ ಯಂತ್ರದ ಹಿಂದೆ ತುರುಕಿದ. ನಂಬರಿನ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಬೀಗ ಒಳಗೆ ಬಂದವನೇ ಎಂದಿನಂತೆ ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕೂತ. ಮೂವತ್ತಾರು ವರ್ಷದ ದೊಡ್ಡ ಗಂಡಸು, ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು, ಕೂತರೆ ಕೋಣೆ ಚಿಕ್ಕದಾಗುತ್ತದೆ. ಮುಖ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ನಾಲ್ಕಕ್ಕೆ ಮೀಟಿಂಗು. ಅದಕ್ಕೆ ಮುಂಚೆ ನಿನ್ನ ಹತ್ರ ಒಂದು ಕೆಲಸ ಇತ್ತು," ಅಂದ.

"ಏನೋ?"

"ಇನ್ನೊಂದು ಪದರ ಹಾಕು. ರಜದಲ್ಲಿ ಅಭ್ಯಾಸ ನಿಲ್ಲಿಸ್ಬಾರ್ದು ಅಂತಿದೀನಿ. ಈ ಸಲ ಕೊನೇಲಿ ಬಂದ್ವಿ, ಹಾಗೇ ಬಿಟ್ಟು ಹೋಗೋಕೆ ಆಗುತ್ತಾ? ಇನ್ನೊಂದೇ ಒಂದು ಸೀಸನ್ನು, ಮರ್ಯಾದೆಯಾಗಿ ಆಡಿ, ನಾನೇ ಬಿಡ್ತೀನಿ. ಮಗಳಿಗೂ ಹೇಳಿದೀನಿ. ಅವಳಿಗೆ ಸ್ಕೂಲಲ್ಲಿ ಬಾಗಿಲು ಮಗಳು ಅಂತಾರಂತೆ ಮಾಮ." ನಕ್ಕ. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ಹಾಗೇ ಇತ್ತು.

ಆಗಲೇ ಹೇಳಬಹುದಿತ್ತು. ಬೇಡ ಕಣೋ, ಪದರ ಬೇಡ, ಅಂದುಬಿಡಬಹುದಿತ್ತು. ಮಾಮ ಎದ್ದು ಸ್ಪಂಜಿನ ಹಾಳೆ ಹುಡುಕಿದ. ಹುಡುಕುವುದು ಇದ್ದಾಗ ಮಾತಾಡಬೇಕಾಗಿಲ್ಲ. ಸ್ಪಂಜನ್ನು ಅಳೆದು ಕತ್ತರಿಸಿ, ಪ್ಯಾಡನ್ನು ತೊಡೆಯ ಮೇಲೆ ಮಗುಚಿಕೊಂಡು, ಚೀಲದ ಬಾಯಿ ಬಿಚ್ಚಿ, ದಬ್ಬಳಕ್ಕೆ ಮೇಣ ತಿಕ್ಕಿದ ದಾರ ಪೋಣಿಸಿದ. ಕೈಗೆ ಈ ಕೆಲಸ ಎಷ್ಟು ಒಗ್ಗಿತ್ತೆಂದರೆ ದಬ್ಬಳ ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು. ಮಾಮ ಮಾತ್ರ ಇನ್ನೊಂದು ಕೋಣೆಯಲ್ಲಿ ಇದ್ದಂತಿತ್ತು. ಆ ಕೋಣೆಯೂ ಇದೇ. ಹನ್ನೊಂದು ವರ್ಷ ಹಿಂದಿನ ಮಧ್ಯಾಹ್ನ. ಹೊಸದಾಗಿ ಬಂದ ಗೋಲ್‌ಕೀಪರು ಪ್ಯಾಡಿನ ಪಟ್ಟಿ ತಲೆಕೆಳಗಾಗಿ ಕಟ್ಟಿಕೊಂಡು ಒದ್ದಾಡುತ್ತಿದ್ದ, ಮಾಮ ಮಂಡಿಯೂರಿ ನಾಲ್ಕೂ ಪಟ್ಟಿ ಬಿಚ್ಚಿ ಸರಿಯಾಗಿ ಕಟ್ಟಿದ್ದ. ಅವತ್ತು ಒಂದೂ ಗೋಲು ಹೋಗಲಿಲ್ಲ. ಅವತ್ತಿನಿಂದ ಬೀಗ ತನ್ನ ಕಾಲಿಗೆ ತಾನು ಪ್ಯಾಡು ಕಟ್ಟಿಕೊಂಡವನೇ ಅಲ್ಲ. ಬಂದು ಕೂತು ಕಾಲು ಚಾಚುತ್ತಾನೆ, ಮಾಮ ಕಟ್ಟುತ್ತಾನೆ. ನಂಬಿಕೆಯೋ ಸೋಮಾರಿತನವೋ ಎಂದು ಉಳಿದವರು ರೇಗಿಸುತ್ತಿದ್ದರು. ಕಳೆದ ವರ್ಷದಿಂದ ಬಿಚ್ಚುವುದೂ ಮಾಮನೇ, ಯಾಕೆಂದರೆ ಮೊಣಕಾಲ ಹಿಂದಿನ ಬಕಲ್ಲಿಗೆ ಕೈ ಹೋಗಬೇಕಾದರೆ ಕಾಲು ಪೂರ್ತಿ ಮಡಚಬೇಕು. ಅದು ಮಡಚುವುದಿಲ್ಲ. ಇದನ್ನು ಯಾರೂ ಗಮನಿಸಿರಲಿಲ್ಲ, ಹಳೆಯ ಸೋಮಾರಿತನ ಹೊಸ ನೋವನ್ನು ಮುಚ್ಚಿತ್ತು.

"ಚುಚ್ಕೊಂಡ್ಯಾ?" ಅಂದ ಬೀಗ. ಹೆಬ್ಬೆರಳಿನಲ್ಲಿ ರಕ್ತದ ಹನಿ ಇತ್ತು. ಮಾಮ ಬೆರಳನ್ನು ಬಾಯಿಗಿಟ್ಟುಕೊಂಡ.

ಹೊಲಿಗೆ ಮುಗಿಯಿತು. "ಹಾಕಿ ನೋಡೋಣ," ಎಂದು ಬೀಗ ಎಡಗಾಲು ಚಾಚಿದ. ಮಾಮ ಮಂಡಿಯೂರಿ ಕಟ್ಟಿದ. ಕೆಳಗಿನಿಂದ ಒಂದು, ಎರಡು, ಮೂರು, ಕೊನೆಗೆ ಮೊಣಕಾಲ ಹಿಂದಿನದು. ಬೀಗ ಎದ್ದು ನಿಂತು, ಇಸ್ತ್ರಿ ಅಂಗಿಯ ಕೆಳಗೆ ಒಂದೇ ಕಾಲಿಗೆ ಪ್ಯಾಡು ಹಾಕಿಕೊಂಡು, ತಂತಿಯಲ್ಲಿ ತೂಗುತ್ತಿದ್ದ ಸಾಕ್ಸುಗಳ ನಡುವೆ ಆ ಕಡೆ ಈ ಕಡೆ ಓಡಾಡಿದ. ಮೆಲ್ಲಗೆ ನೆಲಕ್ಕೆ ಮೊಣಕಾಲೂರಿದ. ಮುಖ ಕಿವುಚಲಿಲ್ಲ. "ಆಹಾ," ಅಂದ. ಯಾರೋ ತಲೆಯ ಕೆಳಗೆ ದಿಂಬು ಇಟ್ಟ ಹಾಗೆ ಕಣ್ಣು ಮುಚ್ಚಿಕೊಂಡ. "ಎರಡು ಸೀಸನ್ ಗ್ಯಾರಂಟಿ."

ಮತ್ತೆ ಬಂದು ಕೂತು, ಮಾತಾಡುತ್ತಾ, ಮೇಜಿನ ಮೇಲಿದ್ದ ಬಿಳಿ ಪಟ್ಟಿಯನ್ನು ಕೈಗೆತ್ತಿಕೊಂಡ. ಮಾಮ ನೋಡಿದ. ಬೀಗ ನೋಡಲಿಲ್ಲ. ಹೊಸ ರಕ್ಷಣೆ ಆಟಗಾರ ಬರುತ್ತಾನಂತೆ, ಕಾರ್ನರ್ ತಡೆಯುವಾಗ ಅವನನ್ನು ಯಾವ ಕಡೆ ನಿಲ್ಲಿಸಬೇಕು ಎಂದು ಹೇಳುತ್ತಾ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಏಳೋ ನಾಲ್ಕೋ ಆಗಿದ್ದರೆ ಕಂಡ ಕೂಡಲೇ ಗುರುತು ಸಿಗುತ್ತಿತ್ತು. ಒಂದು ಅನ್ನುವುದು ಬೆನ್ನ ಮೇಲಿದ್ದರೆ ನಂಬರು, ಕೈಯಲ್ಲಿದ್ದರೆ ಬಟ್ಟೆಯ ಚೂರು. ಅದರಿಂದ ಕತ್ತು ಒರೆಸಿಕೊಂಡ. ಮಾಮನಿಗೆ ಕಿರುಚಬೇಕೆನ್ನಿಸಿತು, ಮರುಕ್ಷಣ, ದೇವರೇ, ಇವನು ಹೀಗೇ ಮಾತಾಡುತ್ತಾ ಕೂತಿರಲಿ, ನಾಲ್ಕು ಗಂಟೆ ಆಗದೇ ಇರಲಿ ಅನ್ನಿಸಿತು. ಹೊರಗೆ ನೀರು ನಿಂತಿತು. ಆ ಮೌನದಲ್ಲಿ ಬೀಗನ ಹೆಬ್ಬೆರಳು ಪಟ್ಟಿಯ ಅಂಚಿನಲ್ಲಿ ಸಾಲಾಗಿದ್ದ ಸೂಜಿತೂತುಗಳ ಮೇಲೆ ಹೋಯಿತು. ಒಂದು ಸಲ ಮೇಲೆ, ಒಂದು ಸಲ ಕೆಳಗೆ.

ಅವನು ಪಟ್ಟಿಯನ್ನು ಮೇಜಿನ ಮೇಲೆ ನೆಟ್ಟಗೆ ಹಾಸಿ, ಸುಕ್ಕು ಹೋಗುವ ಹಾಗೆ ಅಂಗೈಯಲ್ಲಿ ಉಜ್ಜಿದ.

"ಇದು ನಂದಾ?"

ಮಾಮ ತಲೆಯಾಡಿಸಿದ.

"ಲಿಸ್ಟು ಬಂದಿದೆಯಾ?"

"ಬೆಳಗ್ಗೆ ಬಂತು."

ಬೀಗ ಪಟ್ಟಿಯ ಮೇಲಿಂದ ಕೈ ತೆಗೆದ. ಒಣಹಾಕಿದ್ದ ಸಾಕ್ಸಿನಿಂದ ಬಕೆಟ್ಟಿಗೆ ಹನಿ ಬೀಳುವುದು ಕೇಳಿಸಿತು. ಆಮೇಲೆ ಕೋಪಕ್ಕಿಂತ ಹೆಚ್ಚು ಆಶ್ಚರ್ಯ ಇದ್ದ ದನಿಯಲ್ಲಿ, "ಗೋಲಿಗಲ್ಲ ಮಾಮ," ಅಂದ. "ಗೋಲು ಎಷ್ಟು ಹೋಗಿದ್ರೂ ಕೋಚ್ ನನ್ನ ಪರ ಇದ್ದ. ನನಗೇ ಹೇಳಿದ್ದ, ನೀನಿರ್ತೀಯ ಅಂತ. ಮೂರು ವಾರದಿಂದ ಮುಖ ಕೊಟ್ಟು ಮಾತಾಡ್ತಿಲ್ಲ. ಕಾಲಿನ ವಿಷಯ ಯಾರೋ ಊದಿದಾರೆ." ಅವನು ಅಂಗೈಯಿಂದ ತೊಡೆ ತಟ್ಟಿದ. "ಗೊತ್ತಾಯ್ತು ಬಿಡು ಯಾರು ಅಂತ. ಆ ಮಾಲೀಶಿನವನು. ಕಾಲು ಒತ್ತುವಾಗ ಒಂದು ಥರ ನೋಡ್ತಿದ್ದ. ಇವತ್ತು ಮೀಟಿಂಗಲ್ಲಿ ಎಲ್ಲರ ಮುಂದೆ ಅವನ ಮಾನ ಹರಾಜು ಹಾಕ್ತೀನಿ. ಅನ್ನ ತಿನ್ನೋ ಬಾಯಿಂದ ಇಂಥ ಕೆಲಸ ಮಾಡಿದೋನು ಇನ್ಯಾವ ತಂಡದಲ್ಲೂ ಕಾಲಿಡಬಾರ್ದು, ಹಾಗೆ ಮಾಡ್ತೀನಿ." ಮತ್ತೆ ದನಿ ಇಳಿಸಿ, ಮಾಮನ ಭುಜದ ಮೇಲೆ ಕೈ ಇಟ್ಟ. "ನಿನಗೊಬ್ಬನಿಗೆ ಹೇಳಿದ್ದೆ. ನೀನು ನೋಡು, ಹೆಂಡತಿ ಹತ್ರಾನೂ ಬಾಯಿ ಬಿಟ್ಟಿರಲ್ಲ."

ಬಿಟ್ಟಿರಲಿಲ್ಲ. ಅದು ನಿಜವಾಗಿತ್ತು. ಆ ಕೈ ಬಿಸಿಯಾಗಿತ್ತು, ಭಾರವಾಗಿತ್ತು, ಇಷ್ಟು ವರ್ಷದಲ್ಲಿ ಯಾರೂ ಆ ಭುಜದ ಮೇಲೆ ಹಾಗೆ ಕೈ ಇಟ್ಟಿರಲಿಲ್ಲ. ಸುಮ್ಮನಿದ್ದರೆ ಸಾಕು. ಮಾಲೀಶಿನವನು ಹೇಗೂ ಜಗಳಗಂಟ, ಅವನನ್ನು ಕಂಡರೆ ಮಾಮನಿಗೂ ಆಗುವುದಿಲ್ಲ. ಇವನು ಮೇಲೆ ಹೋಗುತ್ತಾನೆ, ಕೂಗಾಡುತ್ತಾನೆ, ಹೊರಟುಹೋಗುತ್ತಾನೆ, ಎಲ್ಲೋ ಇದ್ದುಕೊಂಡು ಮಾಮ ಒಬ್ಬನೇ ಒಳ್ಳೆಯವನಿದ್ದ ಎಂದು ಮಗಳಿಗೆ ಹೇಳುತ್ತಾನೆ. ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತಿರುವ ತನ್ನನ್ನು ಮಾಮ ಒಂದು ಕ್ಷಣ ಕಂಡ. ಮುಂದೆ ನೀರು ಹಾಯಿಸಿದ ಟರ್ಫು, ಚೆಂಡು ನಿಧಾನವಾಗಿ ಬರುತ್ತಿತ್ತು, ಗೋಲಿನಲ್ಲಿ ಯಾರೂ ಇರಲಿಲ್ಲ. ಮೊಣಕಾಲು ಮತ್ತೆ ಬಿಗಿಯಿತು.

"ಅವನಲ್ಲ," ಅಂದ ಮಾಮ.

"ಯಾರು?"

"ಮಾಲೀಶಿನವನಲ್ಲ. ನಾನೇ ಹೇಳಿದ್ದು. ಕೋಚ್ ಇಲ್ಲಿಗೆ ಬಂದಿದ್ದ. ನಿಮಗೇನನ್ಸುತ್ತೆ ಅಂತ ಕೇಳ್ದ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಕಣೋ. ಬಾಯಿ ತಡೀಲಿಲ್ಲ. ಪ್ಯಾಡು ಮಗುಚಿ ತೋರಿಸ್ದೆ." ಇನ್ನೂ ಏನೋ ಹೇಳುವುದಿತ್ತು, ನಿನ್ನ ಕಾಲಿಗೆ ಒಳ್ಳೆಯದಾಗಲಿ ಎಂದೇ ಹೇಳಿದೆ ಎನ್ನುವಂಥದ್ದು. ಅದು ಸುಳ್ಳು. ಬಾಯಿಗೆ ಬಂದದ್ದನ್ನು ನುಂಗಿದ.

ಭುಜದ ಮೇಲಿದ್ದ ಕೈ ತಟಕ್ಕನೆ ಹೋಗಲಿಲ್ಲ. ಅದನ್ನು ಅಲ್ಲಿಟ್ಟದ್ದೇ ಮರೆತವನ ಹಾಗೆ ಬೀಗ ಸ್ವಲ್ಪ ಹೊತ್ತು ಇದ್ದ, ಆಮೇಲೆ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬಯ್ಯಲಿಲ್ಲ. ಬಯ್ದರೆ ಎಷ್ಟು ಚೆನ್ನಾಗಿತ್ತು. ಗೋಡೆಯ ಗಡಿಯಾರ ನೋಡಿದ, ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಮಾಮ ಅಭ್ಯಾಸಬಲದಿಂದ ಮಂಡಿಯೂರಿ ಪ್ಯಾಡಿನ ಪಟ್ಟಿಗೆ ಕೈ ಹಾಕಿದ.

"ಬೇಡ, ಬಿಡಿ," ಅಂದ ಬೀಗ. ಬಿಡು ಅನ್ನಲಿಲ್ಲ.

ಅವನೇ ಬಗ್ಗಿದ. ಕೆಳಗಿನ ಬಕಲ್ಲು ಬಿಚ್ಚಿದ. ಎರಡನೆಯದು ಬಿಚ್ಚಿದ. ಮೂರನೆಯದಕ್ಕೆ ಉಸಿರು ಬಿಗಿಹಿಡಿದು ಕಾಲನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕಾಯಿತು. ಮೊಣಕಾಲ ಹಿಂದಿನದಕ್ಕೆ ಬೆರಳ ತುದಿ ಮುಟ್ಟಿತು, ಜಾರಿತು, ಮತ್ತೆ ಮುಟ್ಟಿತು. ಹಣೆಯ ಮೇಲೆ ಬೆವರು ಮೂಡಿತು. ಮಾಮ ನೆಲದ ಮೇಲೆ ಮಂಡಿಯೂರಿದವನು ಹಾಗೇ ಇದ್ದ, ಆ ಬಕಲ್ಲು ಅವನ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಒಂದು ಬೆರಳು ಹಾಕಿ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಕೈ ಎತ್ತುವ ಧೈರ್ಯ ಬರಲಿಲ್ಲ. ಬೀಗ ಇನ್ನೊಂದು ಸಲ ಪ್ರಯತ್ನಿಸಿದ. ಆಮೇಲೆ ಬಿಟ್ಟುಬಿಟ್ಟ. ಬಿಚ್ಚಿದ್ದ ಮೂರು ಪಟ್ಟಿಗಳನ್ನು ಒಂದೊಂದಾಗಿ ತಾನೇ ಮತ್ತೆ ಕಟ್ಟಿಕೊಂಡ. ಮೇಜಿನ ಮೇಲಿದ್ದ ಬಿಳಿ ಪಟ್ಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

ಕಾರಿಡಾರಿನಲ್ಲಿ ಅವನ ನಡಿಗೆ ಕೇಳಿಸಿತು, ಒಂದು ಕಾಲಿನದು ಚಪ್ಪಲಿಯ ಸದ್ದು, ಇನ್ನೊಂದರದು ಪ್ಯಾಡಿನ ಧಪ್ ಎನ್ನುವ ಸದ್ದು. ಆಫೀಸಿಗೆ ಹತ್ತಲು ಇಪ್ಪತ್ತು ಮೆಟ್ಟಿಲು. ಅಲ್ಲಿ ಎಲ್ಲರೂ ಕೂತಿರುತ್ತಾರೆ, ಇಸ್ತ್ರಿ ಅಂಗಿ ಹಾಕಿಕೊಂಡು ಒಂದೇ ಕಾಲಿಗೆ ಪ್ಯಾಡು ಕಟ್ಟಿಕೊಂಡು ಬಂದವನನ್ನು ನೋಡುತ್ತಾರೆ, ಯಾರಾದರೂ ನಗುತ್ತಾರೆ, ಯಾರಾದರೂ ಬಿಚ್ಚಲಿಕ್ಕೆ ಬರುತ್ತಾರೆ. ಮಾಮ ಎದ್ದು ಬಾಗಿಲಿಗೆ ಬಂದ. ಧಪ್ ಎನ್ನುವುದು ಈಗ ಮೆಟ್ಟಿಲ ಮೇಲಿತ್ತು, ಒಂದೊಂದು ಮೆಟ್ಟಿಲಿಗೂ ನಡುವೆ ಬಹಳ ಹೊತ್ತಾಗುತ್ತಿತ್ತು. ಎಲ್ಲಾದರೂ ಒಂದು ಕಡೆ ಅವನು ನಿಂತು, ಮಾಮ ಬಾ, ಇದೊಂದು ಬಿಚ್ಚು ಎಂದು ಕರೆಯುತ್ತಾನೆಂದು ಮಾಮ ಕಿವಿಗೊಟ್ಟು ನಿಂತಿದ್ದ. ಇಪ್ಪತ್ತೂ ಮೆಟ್ಟಿಲು ಹತ್ತಿ ಮುಗಿಯಿತು. ಮೇಲೆ ಬಾಗಿಲು ತೆರೆದ ಸದ್ದಾಯಿತು.